ಹಾಲಿನ ಚೀಟಿ, ನಡಿಗೆಯ ಚೀಟಿ

ಹೆಂಗಸೊಬ್ಬಳು ಬೆಳಗ್ಗೆ ಎದ್ದು ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ಬೀದಿಯಲ್ಲಿ ನಡೆದರೆ ಏನಾಗುತ್ತದೆ?

ಬೆಂಗಳೂರಿನಲ್ಲಿ ಏನೂ ಆಗುವುದಿಲ್ಲವಂತೆ. ನಮ್ಮ ಚಾಮರಾಜನಗರದಲ್ಲಿ ಯಾರೋ ಒಬ್ಬರು ಸತ್ತುಹೋಗುತ್ತಾರೆ.

ಯುಗಾದಿಗೆ ಹದಿನೈದು ದಿನ ಇರುವಾಗ ಅರಿಶಿನ ಮಂಡಿಯ ಸಾವ್ಕಾರರ ಹೆಂಡತಿ ಗೌರಮ್ಮಣ್ಣಿಯವರು ಬರಿಗೈಯಲ್ಲಿ ಮನೆಯಿಂದ ಇಳಿದು, ಅಂಗಡಿ ಬೀದಿಯ ತಿರುವಿನ ತನಕ ನಡೆದು, ಹಾಗೇ ವಾಪಸ್ಸು ಬಂದರು. ಎಲ್ಲ ಸೇರಿ ಎರಡು ಫರ್ಲಾಂಗು ಇರಬಹುದು. ಸಾವಿನ ಸುದ್ದಿ ಬಂದರೆ ಮಾತ್ರ ಹೆಂಗಸು ಬರಿಗೈಯಲ್ಲಿ ಹೊರಡುವುದು ಎಂಬುದು ನಮ್ಮೂರಿನ ಲೆಕ್ಕ. ಅವರು ಬರುವ ಹೊತ್ತಿಗೆ ಮೂರು ಜನ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ಜಗಲಿಯ ಮೇಲೆ ಕೂತಿದ್ದರು.

"ಯಾರವ್ವಾ ಓಗ್ಬುಟ್ಟೋರು? ಗುಂಡ್ಲುಪೇಟೆ ನಿಮ್ಮಪ್ಪಾರಾ?"

ಗುಂಡ್ಲುಪೇಟೆಯ ಅಪ್ಪ ಕಲ್ಲುಗುಂಡಿನ ಹಾಗಿದ್ದಾರೆ. ಆವತ್ತು ಬೆಳಗ್ಗೆ ಅವರು ತಮ್ಮ ಪಾಡಿಗೆ ತಾವು ಕಾಫಿ ಕುಡಿಯುತ್ತಿದ್ದಿರಬೇಕು. ಇಲ್ಲಿ ಅವರಿಗೆ ಅಳುವವರು ತಯಾರಾಗಿದ್ದರು.

ಸಾವ್ಕಾರರ ಹೆಂಡತಿ ಯಾಕೆ ನಡೆದರು? ನನ್ನಿಂದ. ಅದಕ್ಕೂ ಮೊದಲು ಎರಡು ತಿಂಗಳು ಅವರು ಯಾಕೆ ನಡೆಯಲಿಲ್ಲ? ಅದೂ ನನ್ನಿಂದಲೇ. ಈ ವಾರದ ಅಂಕಣದಲ್ಲಿ ನಾನು ಬೇರೆ ಯಾರನ್ನೂ ಬೈಯುವ ಹಾಗಿಲ್ಲ. (ಆದರೂ ಒಂದಿಬ್ಬರನ್ನು ಬೈಯುತ್ತೇನೆ. ಅಭ್ಯಾಸಬಲ.)

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು ಎಂಬುದು ನಿಮಗೆ ಗೊತ್ತಿದೆ. ಇರುವುದು ಸಾವ್ಕಾರರ ಮನೆಯ ಹಿತ್ತಲಿನ ಎರಡು ಕೋಣೆಗಳಲ್ಲಿ. ಶಾಲೆಯಲ್ಲಿ ಲೆಕ್ಕ, ಕನ್ನಡದ ಜೊತೆಗೆ ಆರೋಗ್ಯಶಾಸ್ತ್ರವೂ ನನ್ನ ಪಾಲಿಗೇ ಬಂದಿದೆ. ಯಾವ ಆಹಾರದಿಂದ ಮೂಳೆ ಬೆಳೆಯುತ್ತದೆ, ಯಾವುದರಿಂದ ರಕ್ತ ಬರುತ್ತದೆ, ಯಾವುದರಿಂದ ಬರೀ ಮೈ ಬರುತ್ತದೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಎಚ್ಚರದಲ್ಲಿ ಮಾತ್ರ ಉಪಯೋಗಕ್ಕೆ ಬರಲಿಲ್ಲ.

ಆದದ್ದು ಇಷ್ಟು. ಸಂಕ್ರಾಂತಿ ಕಳೆದ ಮೇಲೆ ನಮ್ಮೂರಿಗೆ ವಾರಕ್ಕೊಂದು ದಿನ ಲೇಡಿ ಡಾಕ್ಟರೊಬ್ಬರು ಬರತೊಡಗಿದರು. ಮಲಯಾಳದವರು. ಕನ್ನಡ ಅರ್ಥವಾಗುತ್ತದೆ, ಆಡುವಾಗ ಸ್ವಲ್ಪ ಎಡವುತ್ತಾರೆ. ಛತ್ರದ ಹಜಾರದಲ್ಲಿ ಒಂದು ಮೇಜು, ಒಂದು ಪರದೆ, ನಿಂತು ತೂಗಿಸಿಕೊಳ್ಳುವ ಒಂದು ಮೆಷಿನ್ನು. ನಮ್ಮೂರಿನ ಹೆಂಗಸರು ಆ ಮೆಷಿನ್ನನ್ನು ನೋಡಲಿಕ್ಕೇ ಹೋದರು. ಅರಿಶಿನ ತೂಗುವುದನ್ನು ನೋಡಿದ್ದರು, ಹೆಂಗಸನ್ನು ತೂಗುವುದನ್ನು ಕಂಡಿರಲಿಲ್ಲ.

ಗೌರಮ್ಮಣ್ಣಿಯವರಿಗೆ ಮಂಡಿ ನೋವು. ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ವಯಸ್ಸು ನಲವತ್ತು ದಾಟಿಲ್ಲ. ಗುಂಡ್ಲುಪೇಟೆಯಲ್ಲಿ ಹುಡುಗಿಯಾಗಿದ್ದಾಗ ಗೋಪಾಲಸ್ವಾಮಿ ಬೆಟ್ಟವನ್ನು ಬರಿಗಾಲಲ್ಲಿ, ಗಂಡುಹುಡುಗರಿಗಿಂತ ಮುಂಚೆ ಹತ್ತುತ್ತಿದ್ದವರು ಇವರೇ. ಮದುವೆಯಾಗಿ ಈ ಮನೆಗೆ ಬಂದರು, ಕೂತರು. ಹೋದ ವರ್ಷ ತವರಿನವರೆಲ್ಲ ಬೆಟ್ಟಕ್ಕೆ ಹೋದಾಗ ಇವರು ಬೆಟ್ಟದ ಬುಡದಲ್ಲಿ ಗಾಡಿಯಲ್ಲೇ ಕೂತು ಬುತ್ತಿ ಕಾದರಂತೆ. "ನಾ ಇನ್ನೊಂದ್ಸಲ ಆ ಬೆಟ್ಟ ಹತ್ತಬೇಕು ಕಣ್ರೀ" ಎಂದು ನನ್ನ ಹತ್ತಿರ ಒಂದು ಸಂಜೆ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ನಾನೇ ಡಾಕ್ಟರ ಹತ್ತಿರ ಹೊರಡಿಸಿದೆ.

ಸಾವ್ಕಾರರ ಮನೆಯ ಹೆಂಗಸು ಒಬ್ಬಳೇ ಹೋಗುವುದುಂಟೆ? ಜಟಕಾ ಗಾಡಿ, ಗಾಡಿಗೆ ಪರದೆ, ಜೊತೆಗೆ ನಾನು. ಎಲೆಅಡಿಕೆ ಚೀಲ, ನೀರಿನ ಚೊಂಬು, ಶಾಲು ಹಿಡಿದುಕೊಳ್ಳಲು ಪುಟ್ಟಮಾದಮ್ಮ.

ಪುಟ್ಟಮಾದಮ್ಮ ಉಮ್ಮತ್ತೂರಿನವಳು. ಅರಿಶಿನದ ಕಾಲ ಬಂತೆಂದರೆ ಗಂಡ, ಮಾವ, ಮಕ್ಕಳ ಜೊತೆ ಬಂದು, ಊರಾಚೆ ಎರಡು ಮೈಲಿಯಲ್ಲಿರುವ ಸಾವ್ಕಾರರ ತೋಟದ ಗುಡಿಸಲಿನಲ್ಲಿ ಬಿಡಾರ ಮಾಡುತ್ತಾಳೆ. ಬೆಳಗ್ಗೆ ತೋಟದಲ್ಲಿ ಬೇಯಿಸಿದ ಅರಿಶಿನ ಹೊತ್ತು ಕಣದಲ್ಲಿ ಹರಡುವ ಕೆಲಸ, ಆಮೇಲೆ ಊರಿಗೆ ಬಂದು ಮಂಡಿಯಲ್ಲಿ ಕೆಲಸ, ನಡುವೆ ಯಾರು ಕೂಗಿದರೆ ಅವರ ಮನೆಯ ಕೆಲಸ. ಮೈಯೆಲ್ಲ ಅರಿಶಿನವಾಗಿ, ಅವಳ ನಿಜವಾದ ಬಣ್ಣ ಯಾವುದೆಂದು ಸುಗ್ಗಿ ಮುಗಿಯುವ ತನಕ ಗೊತ್ತಾಗುವುದಿಲ್ಲ.

ಹಜಾರದಲ್ಲಿ ಮೊದಲು ತೂಕ. ಗೌರಮ್ಮಣ್ಣಿಯವರು ಮೆಷಿನ್ ಮೇಲೆ ನಿಂತರು, ಮುಳ್ಳು ಸರ್ರನೆ ಓಡಿತು. ನೋಡುತ್ತಿದ್ದ ಹೆಂಗಸರು "ಅಬ್ಬಾ, ಒಳ್ಳೆ ಮೈ" ಎಂದು ಮೆಚ್ಚಿಕೊಂಡರು. (ನಮ್ಮಲ್ಲಿ ಅದು ಹೊಗಳಿಕೆ. "ಮೈಕೈ ತುಂಬ್ಕೊಂಡವ್ಳೆ" ಎಂದರೆ ಗಂಡನ ಮನೆಗೇ ಸರ್ಟಿಫಿಕೇಟು.) ಡಾಕ್ಟರು ತಲೆ ಎತ್ತಿದವರೇ, ಚೊಂಬು ಹಿಡಿದು ಗೋಡೆಗೆ ಒರಗಿದ್ದ ಪುಟ್ಟಮಾದಮ್ಮನ ಮುಖವನ್ನೇ ನೋಡಿ, "ನೀನೂ ಬಾ" ಎಂದರು.

"ನಂಗೇನಾಗಿಲ್ಲ ಕನವ್ವಾ" ಎನ್ನುತ್ತಲೇ ಅವಳು ಮೆಷಿನ್ ಹತ್ತಿದಳು. ಮುಳ್ಳು ಒಂದಿಷ್ಟೇ ಸರಿದು ನಿಂತುಬಿಟ್ಟಿತು. ಅವಳು ಗಾಬರಿಯಾದಳು. "ನಾ ತುಳ್ದು ಕೆಟ್ಟೋಯ್ತಾ ಅಮ್ಮೋರೆ?"

ಡಾಕ್ಟರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು. ದಿನಾ ಏನು ಊಟ ಮಾಡ್ತೀರಿ?

"ಏನಿದೆ ಡಾಕ್ಟ್ರೇ, ಎಲ್ಲಾರ್ದೂ ಆದ್ಮೇಲೆ ಮಿಕ್ಕಿದ್ದು" ಎಂದರು ಗೌರಮ್ಮಣ್ಣಿ.

"ಏನದೆ ಅವ್ವಾ, ಎಲ್ಲಾರ್ದೂ ಆದ್‌ಮ್ಯಾಲೆ ಮಿಕ್ಕಿದ್ದು" ಎಂದಳು ಪುಟ್ಟಮಾದಮ್ಮ.

ನೋಡಿ, ನಮ್ಮ ಹೆಂಗಸರಲ್ಲಿ ಎಂಥ ಸಮಾನತೆ! ಪಂಚವಾರ್ಷಿಕ ಯೋಜನೆಯವರು ಇದನ್ನು ಗಮನಿಸಬೇಕು. ಆದರೆ ಮಿಕ್ಕುವುದರಲ್ಲಿ ವ್ಯತ್ಯಾಸವಿದೆ. ಸಾವ್ಕಾರರ ಮನೆಯಲ್ಲಿ ಇಪ್ಪತ್ತು ಎಲೆ ಎದ್ದ ಮೇಲೆ ಮಿಕ್ಕುವುದು ಅರ್ಧ ತಪ್ಪಲೆ ಅನ್ನ, ತಳದಲ್ಲಿ ತುಪ್ಪ ನಿಂತ ಹುಗ್ಗಿ, ಮಕ್ಕಳು ಅರ್ಧ ಕಚ್ಚಿದ ಒಬ್ಬಟ್ಟು. ಚೆಲ್ಲುವುದಕ್ಕಾಗುತ್ತದೆಯೇ? ಅನ್ನಪೂರ್ಣೆಗೆ ಅವಮಾನ. ಮನೆಯ ಸೊಸೆಯ ಹೊಟ್ಟೆ ಇರುವುದು ಮತ್ತೆ ಯಾತಕ್ಕೆ? ಪುಟ್ಟಮಾದಮ್ಮನ ಗುಡಿಸಲಿನಲ್ಲಿ ಗಂಡ, ಮಾವ, ಮೂರು ಮಕ್ಕಳು ಉಂಡೆದ್ದ ಮೇಲೆ ಮಿಕ್ಕುವುದು ಮಡಕೆ.

ಆಮೇಲೆ ಒಬ್ಬೊಬ್ಬರನ್ನೇ ಪರದೆಯೊಳಗೆ ಕರೆದು ಪರೀಕ್ಷೆ ಮಾಡಿದರು. "ಎಲ್ಲಾ ಇದರಲ್ಲಿ ಬರೆದಿದೆ, ಟೀಚರ್ ಓದಿ ಹೇಳ್ತಾರೆ" ಎಂದು ಇಂಗ್ಲಿಷಿನಲ್ಲಿ ಒಂದೊಂದು ಚೀಟಿ ಕೊಟ್ಟರು. ಹೊರಗೆ ಬಂದಾಗ ಎರಡೂ ಚೀಟಿಗಳು ಪುಟ್ಟಮಾದಮ್ಮನ ಕೈಯಲ್ಲಿದ್ದವು. ಸಾವ್ಕಾರರ ಹೆಂಡತಿ ಬೀದಿಯಲ್ಲಿ ಏನನ್ನೂ ಕೈಯಲ್ಲಿ ಹಿಡಿಯುವುದಿಲ್ಲ, ಸ್ವಂತ ರೋಗದ ಚೀಟಿಯನ್ನೂ ಕೂಡ. ಅದು ಆ ಮನೆಯ ರಿವಾಜು.

ಚೀಟಿಯಲ್ಲಿ ಹೆಸರಿರಲಿಲ್ಲ. ಹದಿನಾಲ್ಕು, ಹದಿನೈದು ಎಂದು ಬರೀ ನಂಬರು.

ನಾನು ಓದಿದೆ. ಒಂದರಲ್ಲಿ: ದಿನಕ್ಕೆ ಒಂದು ಸೇರು ಹಾಲು. ಬೆಣ್ಣೆ, ಸೊಪ್ಪು, ತಿನ್ನುವ ಪದ್ಧತಿಯಿದ್ದರೆ ಮೊಟ್ಟೆ. ಮಧ್ಯಾಹ್ನ ಮಲಗಬೇಕು. ಭಾರ ಎತ್ತಕೂಡದು. ಇನ್ನೊಂದರಲ್ಲಿ: ತುಪ್ಪ, ಬೆಲ್ಲ, ಸಕ್ಕರೆ ಬಿಡಬೇಕು. ಅನ್ನ ಅರ್ಧ ಮಾಡಿ ಒಂದು ಹೊತ್ತು ರಾಗಿ. ಹಗಲು ಮಲಗಕೂಡದು. ದಿನಾ ಎರಡು ಮೈಲಿ ನಡೆಯಬೇಕು.

ಯಾವ ನಂಬರು ಯಾರದು ಎಂದು ನಾನು ಕೇಳಬೇಕಿತ್ತು. ಹಿಂದಕ್ಕೆ ಹತ್ತು ಹೆಜ್ಜೆ ಹೋಗಿ ಡಾಕ್ಟರನ್ನೇ ಕೇಳಬಹುದಿತ್ತು. ಕೇಳುವ ಯೋಚನೆಯೇ ಬರಲಿಲ್ಲ. ಹಾಲು, ಬೆಣ್ಣೆ, ವಿಶ್ರಾಂತಿ ಯಾರಿಗೆ? ರಾಗಿ, ನಡಿಗೆ ಯಾರಿಗೆ? ಇದನ್ನೂ ಕೇಳಬೇಕೆ? ಒಂದು ಚೀಟಿಯನ್ನು ಗಾಡಿಯಲ್ಲಿ ಕೂತವರಿಗೆ ಕೊಟ್ಟೆ, ಇನ್ನೊಂದನ್ನು ಕೆಳಗೆ ನಿಂತವಳಿಗೆ ಕೊಟ್ಟೆ. ಮೆಷಿನ್ನಿನ ಮುಳ್ಳನ್ನು ಎರಡು ಸಲವೂ ಕಣ್ಣಾರೆ ಕಂಡಿದ್ದೆ. ಕಣ್ಣಿಗಿಂತ ರೂಢಿ ಬಲ.

ಮೊಟ್ಟೆ! ಲಿಂಗ ಕಟ್ಟಿದ ಮನೆಯಲ್ಲಿ ಮೊಟ್ಟೆ! ಅಲ್ಲಿಯಾದರೂ ನನಗೆ ಹೊಳೆಯಬೇಕಿತ್ತು. ನಾನೇನು ಮಾಡಿದೆ? "ಪಾಪ, ಮಲಯಾಳದವರು, ನಮ್ಮ ಪದ್ಧತಿ ಗೊತ್ತಿಲ್ಲ, ಮೊಟ್ಟೆ ಬಿಟ್ಟುಬಿಡಿ" ಎಂದು ಡಾಕ್ಟರನ್ನೇ ತಿದ್ದಿದೆ.

ಎರಡು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ. ಯಾಕೆ ಬರುತ್ತದೆ? ಸಾವ್ಕಾರರ ಮನೆಯಲ್ಲಿ ಚೀಟಿ ಕೇಳಿ ಆನಂದವೋ ಆನಂದ. ಅತ್ತೆ ದೊಡ್ಡಮ್ಮಣ್ಣಿಯವರು, "ನಾ ಏಳ್ತಿರ್ಲಿಲ್ವಾ, ನನ್ ಸೊಸೆ ಸೊರಗೋಗವ್ಳೆ ಅಂತ!" ಎಂದು ಹಸುವೊಂದನ್ನು ಸೊಸೆಯ ಹೆಸರಿಗೇ ಬಿಟ್ಟರು. ಭಾರ ಎತ್ತಕೂಡದು ಎಂದರಲ್ಲ, ಗೌರಮ್ಮಣ್ಣಿಯವರು ಎತ್ತುತ್ತಿದ್ದ ಭಾರವೆಂದರೆ ಸೊಂಟದ ಬೀಗದ ಕೈ ಗೊಂಚಲು. ಅದನ್ನೂ ಬಿಚ್ಚಿಸಿದರು. ಮಧ್ಯಾಹ್ನ ಮೂರು ಗಂಟೆ ನಿದ್ದೆ. ಗೌರಮ್ಮಣ್ಣಿಯವರಿಗೆ ಮೆಟ್ಟಿಲು ಹೋಗಲಿ, ಹೊಸ್ತಿಲೂ ಎತ್ತರವಾಗುತ್ತ ಬಂತು. "ಚೀಟಿ ಪ್ರಕಾರ ಮಾಡ್ತಿದ್ದೀನಿ, ಆದ್ರೂ ಕಾಲು ಬರ್ತಿಲ್ಲವಲ್ರೀ" ಎಂದು ಕೇಳಿದರು. "ಇನ್ನೂ ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದೆ. ನಾನು, ಆರೋಗ್ಯಶಾಸ್ತ್ರದ ಟೀಚರು.

ಪುಟ್ಟಮಾದಮ್ಮನೂ ಚೀಟಿಯ ಪ್ರಕಾರವೇ ಮಾಡಿದಳು. ಇದನ್ನು ಬರೆಯುವಾಗ ನಗು ಬರುವುದಿಲ್ಲ.

ತುಪ್ಪ, ಸಕ್ಕರೆ ಬಿಡು ಎಂದರೆ ಅವಳು ಬಿಡಲಿಕ್ಕೆ ಏನಿತ್ತು? ಮುದ್ದೆಯಾದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಹುಣಿಸೆ ಬೀಜದಷ್ಟು ಬೆಲ್ಲ. ಅದನ್ನು ಬಿಟ್ಟಳು. ಹಗಲು ಮಲಗಬೇಡ ಎಂದರೆ? ಉಂಡ ಮೇಲೆ ಅರಿಶಿನದ ಚೀಲಕ್ಕೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದಳು. ಅದನ್ನೂ ಬಿಟ್ಟಳು. ಇನ್ನು ಎರಡು ಮೈಲಿ ನಡಿಗೆ. ಅವಳು ಬರುವಾಗ ನಡೆದೇ ಬರುತ್ತಿದ್ದಳು. ಹೋಗುವಾಗ ಮಾತ್ರ, ಅರಿಶಿನ ಇಳಿಸಿ ತೋಟಕ್ಕೆ ವಾಪಸ್ಸು ಹೋಗುವ ಖಾಲಿ ಗಾಡಿಯ ಹಿಂಬದಿಗೆ ಹತ್ತಿ ಕಾಲು ಇಳಿಬಿಟ್ಟುಕೊಂಡು ಹೋಗುತ್ತಿದ್ದಳು. ದಿನದಲ್ಲಿ ಅವಳು ಕೂರುತ್ತಿದ್ದುದು ಅದೊಂದೇ ಹೊತ್ತು. "ಗಾಡಿ ಅತ್ತಮ್ಮೀ" ಎಂದು ಗಾಡಿಯವನು ಕರೆದರೆ, "ಬ್ಯಾಡ ಕನಣ್ಣ, ಇಸ್ಕೂಲಮ್ಮೋರು ಓದಿ ಏಳವ್ರೆ, ನಾ ನಡೀಬೇಕಂತೆ" ಎಂದು ಗಾಡಿಯ ಹಿಂದೆ ನಡೆದಳು. ಎರಡು ತಿಂಗಳು.

ಗೊತ್ತಾದದ್ದು ಹೇಗೆ? ಯುಗಾದಿಗೆ ಹದಿನಾರು ದಿನ ಇರುವಾಗ ಶಾಲೆಯ ಪರೀಕ್ಷೆಯ ಕೆಲಸಕ್ಕೆಂದು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಲೇಡಿ ಡಾಕ್ಟರು. ಅವರು ಅಲ್ಲಿಗೂ ವಾರಕ್ಕೊಂದು ದಿನ ಹೋಗುತ್ತಾರೆ. ನನಗೋ, ಹೊಗಳಿಸಿಕೊಳ್ಳುವ ಚಪಲ. "ನಿಮ್ಮ ಚೀಟಿಯನ್ನು ಚಾಚೂ ತಪ್ಪದೆ ನಡೆಸುತ್ತಿದ್ದೇನೆ ಡಾಕ್ಟ್ರೇ. ಸಾವ್ಕಾರರ ಹೆಂಡತಿ ದಿನಾ ಒಂದು ಸೇರು ಹಾಲು ಕುಡಿಯುತ್ತಿದ್ದಾರೆ. ಆ ಕೂಲಿಯವಳು ದಿನಾ ನಡೆಯುತ್ತಿದ್ದಾಳೆ" ಎಂದೆ.

ಡಾಕ್ಟರು ನನ್ನನ್ನು ನೋಡಿದರು. ಬಸ್ಸು ಎರಡು ಹಳ್ಳ ಹಾರಿತು. ಅವರು ನೋಡುತ್ತಲೇ ಇದ್ದರು.

"ಎಂಡೆ ದೈವಮೇ! ಟೀಚರೆ, ಯಾರು ಹಾಲು ಕುಡೀತಾರೆ? ಯಾರು ನಡೀತಾಳೆ?"

ನಾನು ಮತ್ತೆ ಹೇಳಿದೆ. ಈ ಸಲ ದನಿ ಅಷ್ಟು ಗಟ್ಟಿಯಾಗಿರಲಿಲ್ಲ.

"ಆ ಸಣ್ಣ ಹೆಂಗಸು ಬಸುರಿ, ಗೊತ್ತುಂಟಾ? ಆಗ ಮೂರು ತಿಂಗಳು, ಈಗ ಐದು. ಮೈಯಲ್ಲಿ ರಕ್ತ ಇಲ್ಲ. ಹೀಗೇ ಹೋದರೆ ಹೆರಿಗೆಯಲ್ಲಿ ಅವಳು ಉಳೀತಾಳೆ ಅಂತ ನಾನು ಹೇಳೋದಿಲ್ಲ. ದಪ್ಪ ಇರೋರಿಗೆ ಹಾಲು ಬೇಕು, ಸಣ್ಣ ಇರೋರಿಗೆ ಕೆಲಸ ಮಾಡಿದರೆ ಸಾಕು ಅಂತ ನೀವು ಶಾಲೆಯಲ್ಲಿ ಕಲಿಸ್ತೀರಾ? ಕೊಬ್ಬು ಬೇರೆ, ರಕ್ತ ಬೇರೆ ಟೀಚರೆ. ಒಂದನೆಯ ಪಾಠ ಅದು."

ನನ್ನ ಪುಸ್ತಕದಲ್ಲಿ ಅದು ಮೂರನೆಯ ಪಾಠ. ಹೇಳುವ ಧೈರ್ಯವಾಗಲಿಲ್ಲ. ಗುಂಡ್ಲುಪೇಟೆ ಬರುವ ತನಕ ಕಿಟಕಿಯ ಆಚೆ ನೋಡುತ್ತ ಕೂತೆ. ಗಾಡಿಯ ಹಿಂದೆ ಬಿಸಿಲಲ್ಲಿ ನಡೆಯುವ ಹೆಂಗಸು ಕಣ್ಣಿನಿಂದ ಹೋಗಲಿಲ್ಲ. ಬಸುರಿ ಎಂದು ಅವಳು ಯಾಕೆ ಹೇಳಲಿಲ್ಲ? ಹೇಳಿದರೆ ಮಂಡಿಯ ಮೇಸ್ತ್ರಿ ಕೆಲಸದಿಂದ ಬಿಡಿಸುತ್ತಾನೆ. ಅದನ್ನು ತಿಳಿಯಲು ಯಾವ ಪುಸ್ತಕವೂ ಬೇಕಿರಲಿಲ್ಲ.

ಊರಿಗೆ ಬಂದ ಮೇಲೆ ಮೊದಲು ಯಾರ ಹತ್ತಿರ ಹೋದೆ? ಸಾವ್ಕಾರರ ಮನೆಗೆ. ಗುಡಿಸಲು ದೂರ, ದೊಡ್ಡಮನೆ ಹತ್ತಿರ, ಬಿಸಿಲು ಜಾಸ್ತಿ ಎಂದು ನನಗೆ ನಾನೇ ಹೇಳಿಕೊಂಡೆ. (ಕಾಫಿಯೂ ಸಿಗುತ್ತದೆ ಎಂಬುದನ್ನು ಹೇಳಿಕೊಳ್ಳಲಿಲ್ಲ.)

ಗೌರಮ್ಮಣ್ಣಿಯವರು ಆಗಷ್ಟೇ ನಿದ್ದೆಯಿಂದ ಎದ್ದು ಹಾಲಿನ ಲೋಟ ಹಿಡಿದಿದ್ದರು. ನಾನು ತಪ್ಪು ಒಪ್ಪಿಕೊಂಡೆ. ಬೈಯುತ್ತಾರೆ, ಮನೆ ಖಾಲಿ ಮಾಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಲೋಟವನ್ನು ಕೆಳಗಿಟ್ಟರು.

"ಹಂಗಾರೆ ಎರಡು ತಿಂಗ್ಳಿಂದ ನಾ ಕುಡ್ದಿದ್ದು ಅವಳ ಹಾಲಾ?"

ಇಷ್ಟು ದಿನ ನನ್ನ ಕಿವಿಗೆ ಬಿದ್ದ ಪ್ರಶ್ನೆಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ. ನಾನು ಹೌದು ಎಂದೆ.

ದೊಡ್ಡಮ್ಮಣ್ಣಿಯವರದು ಬೇರೆ ಪ್ರಶ್ನೆ. "ನನ್ ಸೊಸೆ ರಾಗಿ ಇಟ್ಟು ಉಂಡು ಬೀದಿ ಸುತ್ತಾದಾ? ಸಾವ್ಕಾರ್ರ ಮನೆ ಕತೆ ಮುಗೀತು ಅನ್ನಕಿಲ್ವಾ ಜನ? ಆ ಡಾಕಟ್ರಮ್ಮಂಗೆ ನಮ್ ಮನ್ತನ ಏನ್ ಗೊತ್ತು!"

ಮುದ್ದೆಯ ಸಮಸ್ಯೆ ಅಡುಗೆಮನೆಯಲ್ಲೇ ಬಗೆಹರಿಯಿತು. ಗೌರಮ್ಮಣ್ಣಿಯವರು ಬಾಗಿಲು ಹಾಕಿಕೊಂಡು ತಿಂದರು. ನಡಿಗೆಯನ್ನು ಬಾಗಿಲು ಹಾಕಿಕೊಂಡು ಮಾಡಲಾಗುತ್ತದೆಯೇ? ಮಾರನೆಯ ದಿನವೇ ಬರಿಗೈಯಲ್ಲಿ ಬೀದಿಗಿಳಿದರು. ಗುಂಡ್ಲುಪೇಟೆಯ ಅಪ್ಪನ ಸಾವಿನ ಕತೆ ಆಗಲೇ ಹೇಳಿದೆನಲ್ಲ.

ಹಾಗಾದರೆ ಕೈಯಲ್ಲಿ ಏನಾದರೂ ಇರಬೇಕು. ಎರಡನೆಯ ದಿನ ಕಂಕುಳಲ್ಲಿ ಒಂದು ಹಿತ್ತಾಳೆ ಕೊಡ ಇಟ್ಟುಕೊಂಡು ಹೊರಟರು. ಕೊಡವಿದ್ದರೆ ನೀರಿಗೆ ಹೊರಟ ಹೆಂಗಸು, ಯಾರೂ ಏನೂ ಕೇಳುವುದಿಲ್ಲ ಎಂಬುದು ನನ್ನ ಸಲಹೆ. (ಹೌದು, ಇಷ್ಟಾದ ಮೇಲೂ ನಾನು ಸಲಹೆ ಕೊಡುತ್ತಿದ್ದೆ.) ಬೀದಿಯ ತುದಿಯಲ್ಲಿ ಎದುರುಮನೆಯ ಯಜಮಾನರು ಮಗನಿಗೆ ಹೆಣ್ಣು ನೋಡಲು ಹೊರಟು ಎದುರಾದರು. ಖಾಲಿ ಕೊಡ! ಅವರು ಅಲ್ಲೇ ಹಿಂದಕ್ಕೆ ತಿರುಗಿದರು. ಸಾವ್ಕಾರರ ಜಗಲಿಯಲ್ಲಿ ಬಂದು ಕೂತು, "ನಮ್ಮ ಹುಡುಗನ ಮೇಲೆ ನಿಮ್ಮನೆಯೋರಿಗೆ ಏನ್ ಹಗೆ?" ಎಂದು ಅರ್ಧ ಗಂಟೆ ಕೇಳಿದರು.

ಮೂರನೆಯ ದಿನ ನೀರು ತುಂಬಿದ ಕೊಡ. ಶಕುನ ಸರಿಹೋಯಿತು. ಈಗ ಊರಿನ ಪ್ರಶ್ನೆ: ಸಾವ್ಕಾರರ ಬಾವಿ ಬತ್ತಿತೇ, ಇಲ್ಲ ನೀರು ಸೇದುವವಳು ಬಿಟ್ಟುಹೋದಳೇ? ಅದಲ್ಲದೆ ತುಂಬಿದ ಕೊಡ ಹೊತ್ತು ಎರಡು ಮೈಲಿ ಹೋಗಲಿಕ್ಕೆ ಅವರೇನು ಪುಟ್ಟಮಾದಮ್ಮನೇ?

ಒಂದು ಮಾತು ಕೇಳುತ್ತೇನೆ. ಊರಿನ ಗಂಡಸರು ಸಂಜೆ ಟೇಷನ್ನಿನ ತನಕ ಕೈಬೀಸಿಕೊಂಡು ಹೋಗಿ ರೈಲು ನೋಡಿಕೊಂಡು ಬರುತ್ತಾರಲ್ಲ, ಅವರ ಮನೆಯ ಬಾವಿಯನ್ನು ಯಾರಾದರೂ ವಿಚಾರಿಸಿದ್ದಾರೆಯೇ? ಅದಕ್ಕೆ ಅವರು ವಾಕಿಂಗ್ ಎನ್ನುತ್ತಾರೆ. ಹೆಂಗಸು ಹಾಗೆ ನಡೆದರೆ ಅದಕ್ಕೆ ಕನ್ನಡದಲ್ಲಿ ಒಂದು ಮಾತೂ ಇಲ್ಲ. ಅಲೆದಾಟ ಎಂಬುದೊಂದಿದೆ, ಅದು ಬೈಗುಳ.

ಇಷ್ಟರ ನಡುವೆ ನಾನು ತೋಟಕ್ಕೆ ಹೋದೆ. ಕೊನೆಗೂ. ಪುಟ್ಟಮಾದಮ್ಮ ಕಣದಲ್ಲಿ ಅರಿಶಿನ ಹರಡುತ್ತಿದ್ದವಳು, ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ, ಕಣ್ಣು ಕತ್ತಲೆ ಬಂದು ಕಂಬ ಹಿಡಿದುಕೊಂಡಳು. ನಾನು ಚೀಟಿ ಅದಲುಬದಲಾದದ್ದನ್ನು ಹೇಳಿದೆ. ಹಾಲು ನಿನಗೆ, ವಿಶ್ರಾಂತಿ ನಿನಗೆ, ಭಾರ ಎತ್ತಬೇಡ ಎಂದು ಬರೆದದ್ದು ನಿನಗೆ ಎಂದೆ. ಅವಳು ಕೇಳಿ ಕೇಳಿ ನಕ್ಕಳು.

"ಆಲು ಬೆಣ್ಣೆ ನಂಗಾ? ಬುಡಿ ಅಮ್ಮೋರೆ! ನೀವು ಸರ್ಯಾಗೇ ಓದಿದ್ರಿ. ಬರೆಯೋವಾಗ ಡಾಕಟ್ರಮ್ಮನೇ ತಪ್ ಮಾಡ್ಬುಟ್ಟವ್ರೆ."

ಅವಳು ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ನನ್ನ ತಪ್ಪನ್ನು ಅವಳು ಡಾಕ್ಟರ ತಲೆಗೆ ಕಟ್ಟಿ ನನ್ನನ್ನು ಕಾಪಾಡಿದಳು. ತನಗೆ ಯಾರಾದರೂ ಹಾಲು ಬರೆದಾರು ಎಂಬ ನಂಬಿಕೆ ಅವಳಿಗೇ ಇಲ್ಲ. ಅದನ್ನು ಅವಳಿಗೆ ಕಲಿಸಿದವರು ಯಾರು? ಶಾಲೆಗಂತೂ ಅವಳು ಹೋಗಿಲ್ಲ.

ಬಂದು ಗೌರಮ್ಮಣ್ಣಿಯವರಿಗೆ ಹೇಳಿದೆ. ಅವರು ಅವಳ ಮಾತನ್ನು ಇನ್ನೊಂದು ಸಲ ಹೇಳಿಸಿ ಕೇಳಿದರು. ಆಮೇಲೆ, ಬೆಟ್ಟ ಹತ್ತುತ್ತಿದ್ದ ಹುಡುಗಿಯ ಒಂದು ನಗೆ ನಕ್ಕರು.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅತ್ತೆಯ ಕಾಲಿಗೆ ಬಿದ್ದರು. "ಅತ್ತೆಮ್ಮ, ಕಾಲು ನೋವು ವಾಸಿಯಾಗ್ಲಿ ಅಂತ ತೋಟದ ಹಾದಿಯ ಈಶ್ವರನಿಗೆ ಹರಕೆ ಹೊತ್ಕೊಂಡಿದ್ದೀನಿ. ನಲವತ್ತೆಂಟು ದಿನ ನಡ್ಕೊಂಡೇ ಹೋಗಿ ಹಾಲು ಒಪ್ಪಿಸ್ತೀನಿ ಅಂತ."

ದೊಡ್ಡಮ್ಮಣ್ಣಿಯವರು ಕೈಮುಗಿದರು. ಡಾಕ್ಟರು ಹೇಳಿದರೆ ಮಾನ ಹೋಗುವ ನಡಿಗೆ, ದೇವರು ಕೇಳಿದರೆ ಮನೆತನಕ್ಕೇ ಕೀರ್ತಿ. ತಾವೇ ಒಂದು ಸೇರು ಹಾಲು ಅಳೆದು ತಂಬಿಗೆಗೆ ಹೊಯ್ದರು. "ಇನ್ನೊಂದ್ ಪಾವು ಆಕ್ಕೋ, ದೇವ್ರಿಗೆ ಕಮ್ಮಿ ಮಾಡ್ಬ್ಯಾಡ" ಎಂದರು. ಬೀದಿಯಲ್ಲಿ ಎದುರಾದವರು ದಾರಿ ಬಿಟ್ಟು ನಿಂತರು. ಎದುರುಮನೆಯ ಯಜಮಾನರು ತುಂಬಿದ ತಂಬಿಗೆ ನೋಡಿಕೊಂಡೇ ಹೆಣ್ಣು ನೋಡಲು ಹೊರಟರು. ಸಂಬಂಧ ಕುದುರಿತಂತೆ.

ಈಶ್ವರನಿಗೆ ಒಂದು ಉದ್ಧರಣೆ ಹಾಲು. ಮಿಕ್ಕದ್ದು ಅಲ್ಲಿಂದ ಮುಂದಕ್ಕೆ, ಗುಡಿಸಲಿಗೆ. (ಮೊದಲ ದಿನ ಗೌರಮ್ಮಣ್ಣಿಯವರು ದಾರಿಯಲ್ಲಿ ಐದು ಕಡೆ ಕೂತೆದ್ದರು, ಬರುವಾಗ ಗಾಡಿ ಹತ್ತಿದರು.) ಪುಟ್ಟಮಾದಮ್ಮ ಮೊದಲ ದಿನ ಹಾಲು ಮುಟ್ಟಲು ಒಪ್ಪಲಿಲ್ಲ. "ದೇವ್ರಾಲು ಕುಡುದ್ರೆ ಕಣ್ಣೋಯ್ತವೆ ಕನವ್ವಾ!"

"ದೇವರದ್ದಲ್ಲ ಕಣವ್ವ, ಇದು ನಿಂದೇ. ಎರಡು ತಿಂಗಳು ನಾ ಕುಡ್ದಿದ್ದೀನಿ. ಈಗ ನೀ ಕುಡಿ" ಎಂದರು ಗೌರಮ್ಮಣ್ಣಿ. ಅವಳು ಕುಡಿದು ಮುಗಿಸುವ ತನಕ ಬಿಸಿಲಿನಲ್ಲಿ ನಿಂತರು. ನಿಂತರು ಎಂಬುದನ್ನು ಗಮನಿಸಿ. ಒಂದು ವಾರದ ಹಿಂದೆ ಅಷ್ಟು ಹೊತ್ತು ನಿಲ್ಲಲು ಅವರಿಂದ ಆಗುತ್ತಿರಲಿಲ್ಲ.

ಮೇಸ್ತ್ರಿಯನ್ನು ಕರೆದು, "ಇವಳು ಕೂತ್ಕೊಂಡು ಅರಿಶಿನ ಆರಿಸ್ಲಿ, ಹೊರೋ ಕೆಲಸ ಬೇಡ, ಮಂಡಿಗೆ ಹೋಗೋದಾದ್ರೆ ಗಾಡೀಲಿ ಹೋಗ್ಲಿ" ಎಂದೂ ಹೇಳಿದರು. ಮೇಸ್ತ್ರಿ ಯಾಕೆ ಎಂದು ಕೇಳಿದ. "ಹರಕೆ" ಎಂದರು. ಅವನೂ ಕೈಮುಗಿದ.

ಹೋದ ವಾರ ಛತ್ರದಲ್ಲಿ ಡಾಕ್ಟರು ಇಬ್ಬರನ್ನೂ ನೋಡಿದರು. ಒಬ್ಬರಿಗೆ ಮುಳ್ಳು ಸ್ವಲ್ಪ ಹಿಂದೆ ಬಂದಿದೆ, ಇನ್ನೊಬ್ಬಳಿಗೆ ಸ್ವಲ್ಪ ಮುಂದೆ ಹೋಗಿದೆ. ಪುಟ್ಟಮಾದಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿ, "ಇನ್ನೂ ಸಾಲದು, ಆದರೆ ಬರ್ತಾ ಉಂಟು" ಎಂದರು. ಈ ಸಲ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದರು. ನನ್ನ ಮುಖ ನೋಡಿಕೊಂಡೇ ಬರೆದರು. ಗೌರಮ್ಮಣ್ಣಿಯವರು ತಮ್ಮ ಚೀಟಿಯನ್ನು ತಾವೇ ಹಿಡಿದುಕೊಂಡು ಹೊರಗೆ ಬಂದರು.

ಹರಕೆ ಇರುವುದು ನಲವತ್ತೆಂಟು ದಿನ. ಹೆರಿಗೆಗೆ ಇನ್ನೂ ಮೂರು ತಿಂಗಳಿದೆ. ಚಿಂತೆಯಿಲ್ಲ. ನಲವತ್ತೆಂಟನೆಯ ದಿನ ಬೆಳಗಿನ ಜಾವ ಈಶ್ವರ ಗೌರಮ್ಮಣ್ಣಿಯವರ ಕನಸಿನಲ್ಲಿ ಬಂದು ಇನ್ನೊಂದು ಮಂಡಲ ಕೇಳಲಿದ್ದಾನೆ. (ಇದು ಈಗಾಗಲೇ ನಿಶ್ಚಯವಾಗಿದೆ.) ಹೆರಿಗೆಯಾಗಿ ಬಾಣಂತನ ಮುಗಿದ ಮೇಲೆ ಗೋಪಾಲಸ್ವಾಮಿ ಬೆಟ್ಟವೂ ಒಂದು ಹರಕೆ ಕೇಳುವ ಸಂಭವವಿದೆ.

ಬಸುರಿಯ ಬಾಯಿಗೆ ಒಂದು ಸೇರು ಹಾಲು ಹೋಗಬೇಕಾದರೆ ನಮ್ಮೂರಿನಲ್ಲಿ ಅದು ದೇವರ ಹೆಸರಿನಲ್ಲಿ ಹೊರಡಬೇಕು. ಹೆಂಗಸಿನ ಮಂಡಿಗೆ ಎರಡು ಮೈಲಿ ನಡಿಗೆ ಬೇಕಾದರೂ ಅಷ್ಟೇ. ಈಶ್ವರ ಬೇಸರಪಟ್ಟುಕೊಂಡ ಹಾಗೆ ಕಾಣುವುದಿಲ್ಲ. ಗೊತ್ತಾದರೆ ಬೇಸರಪಡುವವರು ಬೇರೆ ಇದ್ದಾರೆ, ದೊಡ್ಡಮನೆಯಲ್ಲಿ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಗುಟ್ಟು ರಟ್ಟಾಗುವುದಿಲ್ಲವೇ ಎಂದು ನೀವು ಕೇಳಬಹುದು. ಹೆಸರುಗಳನ್ನು ಬದಲಾಯಿಸಿದ್ದೇನೆ. ಸಾವ್ಕಾರರು ಪತ್ರಿಕೆಯಲ್ಲಿ ಅರಿಶಿನದ ಧಾರಣೆ ಬಿಟ್ಟು ಬೇರೇನನ್ನೂ ನೋಡುವವರಲ್ಲ. ದೊಡ್ಡಮ್ಮಣ್ಣಿಯವರಿಗೆ ಓದಲು ಬರುವುದಿಲ್ಲ.

ಒಂದು ವೇಳೆ ಯಾರಾದರೂ ಅವರಿಗೆ ಇದನ್ನು ಓದಿ ಹೇಳಲೇಬೇಕಾಗಿ ಬಂದರೆ, ದಯವಿಟ್ಟು, ನಾನು ಆ ಎರಡು ಚೀಟಿಗಳನ್ನು ಓದಿ ಹೇಳಿದಷ್ಟೇ ಸರಿಯಾಗಿ ಓದಿ ಹೇಳಿ.